ಒಂದು ಗುಂಟೆ ನುಂಗಿದರೆ ಒಂದು ಎಕರೆ ಫ್ರೀ

ನನ್ನ ಕೆಲಸ ಏನು ಅಂತ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಹೇಳೋಕಾಗಿಲ್ಲ. ನೆಲ ಮತ್ತು ನೀರಿನ ನೀತಿ ವಿಶ್ಲೇಷಕ ಅಂದೆ. "ಅಂದ್ರೆ ಬಾವಿ ತೋಡಿಸ್ತೀಯಾ?" ಇಲ್ಲಮ್ಮ. "ಕೆರೆ ಹೂಳು ತೆಗೆಸ್ತೀಯಾ?" ಅದೂ ಇಲ್ಲ. ಕೆರೆ ಎಲ್ಲಿಗೆ ಮುಗಿಯುತ್ತೆ ಅಂತ ಕಡತದಲ್ಲಿ ಬರೀತೀನಿ. "ಅದನ್ನ ನೀರೇ ಹೇಳಲ್ವೇನೋ?"

ಹೇಳುತ್ತೆ. ಆದರೆ ನೀರಿನ ಹತ್ತಿರ ಸೀಲು ಇಲ್ಲವಲ್ಲ.

ಕೆರೆಯಂಚಿನಿಂದ ಇಷ್ಟು ದೂರ ಏನೂ ಕಟ್ಟಬಾರದು ಅಂತ ಬಿಡುವ ಜಾಗಕ್ಕೆ ಬಫರ್ ಅಂತಾರೆ. ಬೆಂಗಳೂರಿನ ಮಾಸ್ಟರ್ ಪ್ಲಾನ್ 30 ಮೀಟರ್ ಅಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಮತ್ತೆ 30ಕ್ಕೆ ಬಂತು. ಇಷ್ಟೆಲ್ಲ ಆಗುವಾಗ ಕೆರೆಗಳು ಇದ್ದಲ್ಲೇ ಇದ್ದವು. ಸರಿದಿದ್ದರೂ ಒಳಕ್ಕೆ ಸರಿದಿರಬೇಕು.

ಈ ನಡುವೆ ಒಮ್ಮೆ ನಗರದಂಚಿನ ಒಂದು ಕೆರೆ ನೋಡೋಕೆ ಹೋಗಿದ್ದೆ. ತೂಬಿನ ಪಕ್ಕ ಹಳೇ ನೀರುಗಂಟಿ ಕೂತಿದ್ದರು. ತೂಬು ತೆಗೆಯುವ ಕೆಲಸ ಯಾವತ್ತೋ ಮುಗಿದಿತ್ತು. ಅಚ್ಚುಕಟ್ಟಿನಲ್ಲಿ ಈಗ ಭತ್ತ ಇಲ್ಲ, ಅಪಾರ್ಟ್‌ಮೆಂಟ್ ಇದೆ. ಆದರೂ ತೂಬಿನ ಕಲ್ಲಿನ ಮೇಲೆ ಬೆಳೆದ ಗರಿಕೆಯನ್ನು ಒಂದೊಂದೇ ಕಿತ್ತು ಪಕ್ಕಕ್ಕಿಡುತ್ತಿದ್ದರು. "ಬಫರ್ ಅಳೆಯೋಕೆ ಬಂದಿದ್ದೀವಿ ಯಜಮಾನ್ರೇ" ಅಂದೆ. ಅವರು ಮೊಮ್ಮಗನ ಮುಖ ನೋಡಿದರು. ಅವನು ಮೊಬೈಲಿಂದ ತಲೆ ಎತ್ತದೆ, "ವಿಡಿಯೊ ನಿಂತೋಗಿ ಗಿರಗಿರ ತಿರುಗ್ತದಲ್ಲ ತಾತ, ಅದು" ಅಂದ. ಇಷ್ಟು ಸರಿಯಾದ ವ್ಯಾಖ್ಯಾನ ನಮ್ಮ ಯಾವ ಕರಡಿನಲ್ಲೂ ಇಲ್ಲ.

2025ರಲ್ಲಿ ಕೆರೆ ಸಂರಕ್ಷಣೆ ಕಾಯ್ದೆಗೆ ತಿದ್ದುಪಡಿ ಮಸೂದೆ ಸದನಕ್ಕೆ ಬಂತು. ಹೆಸರು ಸಂರಕ್ಷಣೆ ಅಂತಲೇ ಇದೆ, ಗಾಬರಿ ಬೇಡ. ಎಲ್ಲ ಕೆರೆಗೂ ಒಂದೇ 30 ಮೀಟರ್ ಅಂದರೆ ಅನ್ಯಾಯ ಅಲ್ವಾ? ಅದಕ್ಕೇ ಆದಾಯ ತೆರಿಗೆ ಥರ ಸ್ಲ್ಯಾಬ್. 100 ಎಕರೆ ಮೀರಿದ ಕೆರೆಗೆ ಹಳೇ 30 ಮೀಟರೇ. 25ರಿಂದ 100 ಎಕರೆಗೆ 24. 10ರಿಂದ 25ಕ್ಕೆ 12. 1ರಿಂದ 10ಕ್ಕೆ 6. ಒಂದು ಎಕರೆಯೊಳಗಿನದಕ್ಕೆ 3 ಮೀಟರ್, ಅಂದರೆ ಒಂದು ಆಟೋ ನಿಲ್ಲಿಸುವಷ್ಟು. ತೀರಾ ಪುಟ್ಟ ಕಟ್ಟೆಗೆ ಅದೂ ಇಲ್ಲ.

ಇದರ ಬಗ್ಗೆ ಅಭಿಪ್ರಾಯ ಬರೆದುಕೊಡು ಅಂದರು ಆಫೀಸಿನಲ್ಲಿ. ನಾನು ಪೆನ್ಸಿಲ್ ಹಿಡಿದು ಕೂತೆ.

10 ಎಕರೆ 1 ಗುಂಟೆಯ ಕೆರೆ ಒಂದಿದೆ ಅಂದುಕೊಳ್ಳಿ. ಬಫರ್ 12 ಮೀಟರ್. ಪಕ್ಕದ ಜಮೀನಿನವನು ಒಂದೇ ಒಂದು ಗುಂಟೆ ನುಂಗಿದ. ಗುಂಟೆ ಅಂದರೆ 1089 ಚದರಡಿ, 30-40 ಸೈಟಿಗೂ ಕಮ್ಮಿ. ಕೆರೆ 10 ಎಕರೆಗೆ ಇಳಿಯಿತು. ಸ್ಲ್ಯಾಬ್ ಬದಲಾಯಿತು, ಬಫರ್ 6 ಮೀಟರ್ ಆಯಿತು. ಕೆರೆ ದುಂಡಗಿದ್ದರೆ ಸುತ್ತಲೂ ಬಿಡುಗಡೆಯಾಗುವ ಜಾಗ ಒಂದು ಎಕರೆಗಿಂತ ಜಾಸ್ತಿ! ಒಂದು ಗುಂಟೆ ಕದ್ದವನಿಗೆ ನಲವತ್ತು ಗುಂಟೆ ಬಹುಮಾನ. ದೀಪಾವಳಿ ಆಫರಿನಲ್ಲೂ ಇಷ್ಟು ಕೊಡಲ್ಲ.

ಪಹಣಿಯಲ್ಲಿರೋ ವಿಸ್ತೀರ್ಣವೇ ಲೆಕ್ಕಕ್ಕೆ, ಸುಮ್ನೆ ಹೆದರಿಸಬೇಡಿ ಅಂತೀರಾ? ಧರ್ಮಾಂಬುಧಿ ಕೆರೆಗೆ ಯಾರಾದರೂ ಹೋಗಿದ್ದೀರಾ? ಖಂಡಿತ ಹೋಗಿರ್ತೀರಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ನಿಂತಿರೋದು ಅದರ ಅಂಗಳದಲ್ಲೇ. ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಇದೆ. ಕೆರೆ ಉಳಿಸೋಕೆ, ಒತ್ತುವರಿ ಹುಡುಕೋಕೆ ಅಂತ ಲಕ್ಷ್ಮಣರಾವ್ ಸಮಿತಿ, ಎ.ಟಿ. ರಾಮಸ್ವಾಮಿ ಸಮಿತಿ, ಕೋಳಿವಾಡ ಸಮಿತಿ ಎಲ್ಲ ಕೂತೆದ್ದವು, ವರದಿಗಳಿಗೇನೂ ಬರ ಇಲ್ಲ. ಎಲ್ಲವನ್ನೂ ಸಾಲಾಗಿ ಪೇರಿಸಿದ್ದರೆ ಒಂದು ಸಣ್ಣ ಏರಿಯೇ ಎದ್ದಿರುತ್ತಿತ್ತು, ಮಳೆ ನೀರಾದರೂ ನಿಲ್ಲುತ್ತಿತ್ತು.

ನನ್ನ ಟಿಪ್ಪಣಿ ಮೂರು ವಾರದ ನಂತರ ಕೆಂಪು ಶಾಯಿಯಲ್ಲಿ ಮಿಂದು ವಾಪಸ್ ಬಂತು. 'ಒತ್ತುವರಿ' ಅಂತ ಬರೆದಿದ್ದಲ್ಲೆಲ್ಲ 'ವಿಸ್ತೀರ್ಣದಲ್ಲಿನ ವ್ಯತ್ಯಾಸ' ಆಗಿತ್ತು. 'ಕದ್ದ' ಅನ್ನೋದು 'ಬಳಕೆಗೆ ತಂದ' ಆಗಿತ್ತು. ಗುಂಟೆಯ ಲೆಕ್ಕದ ಪಕ್ಕ 'ಅಗತ್ಯವಿಲ್ಲ' ಅಂತ ಷರಾ. ಯಾರೂ ಓದಿಲ್ಲ, ಹೋಗಲಿ ಬಿಡು ಅಂದುಕೊಂಡೆ.

ಓದಿದ್ದರು. ಮೊನ್ನೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಧ್ವನಿಯಲ್ಲಿ ಬಹಳ ವಿನಯ.

"ಸಾರ್, ನಿಮ್ಮ ಲೆಕ್ಕ ನೋಡ್ದೆ. ಸಖತ್ತಾಗಿದೆ ಸಾರ್. ಆ 10 ಎಕರೆ 1 ಗುಂಟೆ ಕೆರೆ ಯಾವೂರಲ್ಲಿ ಬರುತ್ತೆ? ಸರ್ವೆ ನಂಬರ್ ಕೊಟ್ರೆ ಸಾಕು."

ಅದು ಬರೀ ಉದಾಹರಣೆ ಅಂದೆ.

"ಪರವಾಗಿಲ್ಲ ಸಾರ್. 25 ಎಕರೆ 1 ಗುಂಟೆದು ಇದ್ರೂ ನೋಡಿ."