ಮೇಲ್ ಮನೆಯಲ್ಲಿರಲಿ, ರವಾನೆ ಹೊರಗಿನಿಂದಾಗಲಿ

ಸ್ವಂತ ಡೊಮೇನಿನ ಇಮೇಲನ್ನು ಮನೆಯ ಸರ್ವರಿನಲ್ಲೇ ನಡೆಸಲು ಹೊರಟವರಲ್ಲಿ ಅನೇಕರು ಎಲ್ಲವನ್ನೂ ಅಲ್ಲೇ ಮಾಡಹೋಗಿ ಬೇಸತ್ತು ಬಿಡುತ್ತಾರೆ. ಮೇಲ್ ಬರಮಾಡಿಕೊಳ್ಳುವುದು, ಕೂಡಿಡುವುದು, ಕಳಿಸುವುದು ಮೂರೂ ಬೇರೆ ಬೇರೆ ಕೆಲಸ. ಮೊದಲೆರಡು ಮನೆಗೆ ಒಗ್ಗುತ್ತವೆ. ಮೂರನೆಯದನ್ನು ಹೊರಗಿನವರಿಗೆ ಒಪ್ಪಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆಗಾಗ ಊರು, ಮನೆ, ಇಂಟರ್ನೆಟ್ ಕಂಪನಿ ಬದಲಿಸುವ ನಮ್ಮಂಥ ಹೊರನಾಡಿನವರಿಗಂತೂ ಹೀಗೆ ಹಂಚಿಕೊಂಡರೇ ವ್ಯವಸ್ಥೆ ಉಳಿಯುವುದು.

ನೇರವಾಗಿ ಕಳಿಸಿದ್ದು ಏಕೆ ತಲುಪುವುದಿಲ್ಲ? ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವುದು 25ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಜಾಲದ ಬಾಗಿಲಲ್ಲಿ. ಮನೆ ಕನೆಕ್ಷನ್ ಕೊಡುವ ಬಹಳಷ್ಟು ಕಂಪನಿಗಳು ಅದನ್ನು ಮುಚ್ಚಿರುತ್ತವೆ. ತೆರೆದಿದ್ದರೂ, ಮನೆ ಕನೆಕ್ಷನ್ನಿನ ಐಪಿ ವಿಳಾಸಗಳು ಸಾಲುಸಾಲಾಗಿ ಸ್ಪ್ಯಾಮ್ ತಡೆಯುವ ಸಂಸ್ಥೆಯಾದ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯಲ್ಲಿರುತ್ತವೆ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳ ಪಟ್ಟಿ). ನೀವು ಒಂದೇ ಒಂದು ಸ್ಪ್ಯಾಮ್ ಕಳಿಸಿರದಿದ್ದರೂ ಅಷ್ಟೇ. ಇನ್ನು ಐಪಿಯಿಂದ ಹೆಸರು ತಿಳಿಸುವ ಪಿಟಿಆರ್ ದಾಖಲೆ. ಅದನ್ನು ಬರೆಯುವ ಅಧಿಕಾರ ಐಪಿಯ ಒಡೆಯರದ್ದು, ಡೊಮೇನ್ ಕೊಂಡವರದ್ದಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಂದಲೂ ಇದನ್ನು ಬಯಸುತ್ತದೆ.

ಆದ್ದರಿಂದ ಮೇಲ್ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇಹೋಸ್ಟ್ ಎಂಬಲ್ಲಿ ಒಂದು ರಿಲೇ ಸೇವೆಯ (ನಿಮ್ಮ ಪರವಾಗಿ ಮೇಲ್ ರವಾನಿಸುವವರ) ಹೆಸರನ್ನು ಚೌಕ ಕಂಸದೊಳಗೆ ಹಾಕಿ, 587ನೇ ಪೋರ್ಟ್ ಸೂಚಿಸಿ, ಪಾಸ್‌ವರ್ಡ್ ಕೊಟ್ಟು, ಟಿಎಲ್‌ಎಸ್ ಗೂಢಲಿಪೀಕರಣ ಕಡ್ಡಾಯ ಮಾಡಿ. ಚೌಕ ಕಂಸ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ (ಮೇಲ್ ಪಡೆಯುವ ಸರ್ವರನ್ನು ಸೂಚಿಸುವ ದಾಖಲೆ) ಹುಡುಕುತ್ತಾ ಇನ್ನೆಲ್ಲಿಗೋ ಹೋಗುತ್ತದೆ. ಮೇಲ್ ನಿಮ್ಮ ಡೊಮೇನಿನದೇ ಎಂದು ಸಾಬೀತುಪಡಿಸುವ ಡಿಕಿಮ್ ಸಹಿಯನ್ನು ಮಾತ್ರ ನಿಮ್ಮ ಕೀಯಿಂದಲೇ ಮನೆಯಲ್ಲೇ ಹಾಕಿ. ರಿಲೇಗಳು ಹಲವೊಮ್ಮೆ ರಿಟರ್ನ್ ಪಾತ್‌ನಲ್ಲಿ (ತಲುಪದ ಮೇಲ್ ಮರಳುವ ವಿಳಾಸ) ತಮ್ಮ ಡೊಮೇನ್ ಬಳಸುವುದರಿಂದ ಎಸ್‌ಪಿಎಫ್ (ಕಳಿಸಿದ ಐಪಿಗೆ ಡೊಮೇನಿನ ಅನುಮತಿ ಇದೆಯೇ ಎಂಬ ಪರೀಕ್ಷೆ) ಪಾಸಾದರೂ ಅದು ನಿಮ್ಮ ಹೆಸರಿಗೆ ತಾಳೆಯಾಗುವುದಿಲ್ಲ. ಆಗ, ಕಳಿಸಿದವರ ಹೆಸರಿಗೆ ಇವು ತಾಳೆಯಾಗುತ್ತವೆಯೇ ಎಂದು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ನಿಮ್ಮನ್ನು ದಾಟಿಸುವುದು ಆ ಸಹಿಯೊಂದೇ. ನಾಳೆ ರಿಲೇ ಬದಲಿಸಿದರೂ ಸಹಿ ನಿಮ್ಮದೇ. ಅಂದಹಾಗೆ, 2048 ಬಿಟ್‌ನ ಡಿಕಿಮ್ ಕೀ ಡಿಎನ್‌ಎಸ್‌ನ (ಡೊಮೇನ್ ಹೆಸರುಗಳ ವಿವರ ಕೊಡುವ ವ್ಯವಸ್ಥೆ) ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನ 255 ಅಕ್ಷರ ಮಿತಿಯನ್ನು ಮೀರುತ್ತದೆ. ಎರಡು ತುಂಡು ಮಾಡಿ, ಪ್ರತಿಯೊಂದಕ್ಕೂ ಉದ್ಧರಣ ಚಿಹ್ನೆ ಹಾಕಬೇಕು.

ಬರುವ ಮೇಲ್ ಬಗ್ಗೆ ಜನ ವಿನಾಕಾರಣ ಹೆದರುತ್ತಾರೆ. ನಿಮ್ಮ ಸರ್ವರ್ ಆಫ್ ಆಗಿದ್ದರೆ ಕಳಿಸಿದ ಕಡೆಯವರು ಮೇಲನ್ನು ತಮ್ಮಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತಾರೆ. ಕನಿಷ್ಠ ನಾಲ್ಕೈದು ದಿನ ಬಿಡಬಾರದೆಂಬುದು ಮೇಲ್ ರವಾನೆಯ ಎಸ್‌ಎಂಟಿಪಿ ನಿಯಮದ ಸಲಹೆ. ಒಂದು ರಾತ್ರಿ ಕರೆಂಟ್ ಹೋದರೆ ಏನೂ ಕಳೆಯುವುದಿಲ್ಲ. ನಿಜವಾದ ಅಡ್ಡಿ ಸಿಜಿನ್ಯಾಟ್, ಅಂದರೆ ಒಂದೇ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚುವ ಪದ್ಧತಿ. ರೂಟರಿನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಹೊರಗಿನಿಂದ ನಿಮ್ಮನ್ನು ಯಾರೂ ಮುಟ್ಟಲಾರರು.

ಅಂಥವರು ಚಿಕ್ಕದೊಂದು ವಿಪಿಎಸ್ (ಹೊರಗಿನ ವರ್ಚುವಲ್ ಸರ್ವರ್) ಬಾಡಿಗೆಗೆ ಪಡೆದು ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿಕೊಳ್ಳುತ್ತಾರೆ. ಮನೆಯ ಬದಿಯಲ್ಲಿ ಕೀಪ್‌ಅಲೈವ್ (ಸಂಪರ್ಕ ಜೀವಂತವಿಡುವ ಸಂಕೇತ) 25 ಸೆಕೆಂಡ್ ಇಡದಿದ್ದರೆ ಸ್ವಲ್ಪ ಹೊತ್ತಿಗೆ ಸುರಂಗ ಮೂಕವಾಗುತ್ತದೆ. ಆದರೆ ದೊಡ್ಡ ಅಪಾಯ ಬೇರೆ ಇದೆ. 25ನೇ ಪೋರ್ಟನ್ನು ಮಾಸ್ಕರೇಡ್ ಮಾಡಿ (ಕಳಿಸಿದವರ ಐಪಿಯ ಬದಲು ವಿಪಿಎಸ್‌ನದನ್ನು ಹಾಕಿ) ಮನೆಗೆ ತಿರುಗಿಸಿದರೆ, ಜಗತ್ತಿನ ಎಲ್ಲ ಸಂಪರ್ಕಗಳೂ ಸುರಂಗದ ಒಳ ಐಪಿಯಿಂದಲೇ ಬಂದಂತೆ ಪೋಸ್ಟ್‌ಫಿಕ್ಸ್‌ಗೆ ಕಾಣುತ್ತವೆ. ಆ ಐಪಿ ಪೋಸ್ಟ್‌ಫಿಕ್ಸ್ ನಂಬುವ ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿದ್ದರೆ ನಿಮ್ಮದು ಓಪನ್ ರಿಲೇ, ಯಾರು ಬೇಕಾದರೂ ಅದರ ಮೂಲಕ ಮೇಲ್ ಕಳಿಸಬಹುದು. ಸ್ಪ್ಯಾಮರ್‌ಗಳು ಅದನ್ನು ಪತ್ತೆಹಚ್ಚಲು ಬಹಳ ಹೊತ್ತು ಬೇಕಿಲ್ಲ. ಬರುವ ಮೇಲಿನ ಎಸ್‌ಪಿಎಫ್ ಪರೀಕ್ಷೆಯೂ ಅರ್ಥ ಕಳೆದುಕೊಳ್ಳುತ್ತದೆ. ವಿಪಿಎಸ್‌ನಲ್ಲೇ ಇನ್ನೊಂದು ಪೋಸ್ಟ್‌ಫಿಕ್ಸ್ ಇಟ್ಟು, ಯಾವ ವಿಳಾಸಗಳು ನಿಜವಾಗಿ ಇವೆ ಎಂಬ ಪಟ್ಟಿ ಅದಕ್ಕೆ ಕೊಟ್ಟು, ಪರೀಕ್ಷೆಗಳನ್ನೆಲ್ಲ ಅಲ್ಲೇ ಮುಗಿಸಿ ಮನೆಗೆ ದಾಟಿಸುವುದು ಹೆಚ್ಚು ನೆಮ್ಮದಿ.

ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ ಸಾಕು. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಒಂದೇ 1 ಜಿಬಿಗೂ ಹೆಚ್ಚು ರ್‍ಯಾಮ್ ನುಂಗುತ್ತದೆ, ಒಬ್ಬಿಬ್ಬರ ಮೇಲಿಗೆ ಅದು ದಂಡ. ಡಿಎನ್‌ಎಸ್‌ಗೆ ಮಾತ್ರ ಗೂಗಲ್‌ನ 8.8.8.8 ನೆಚ್ಚಬೇಡಿ; ಸ್ಪ್ಯಾಮ್‌ಹೌಸ್ ಸಾರ್ವಜನಿಕ ರಿಸಾಲ್ವರ್‌ಗಳ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್‌ಗಳ) ಮೂಲಕ ಬಂದ ಪ್ರಶ್ನೆಗೆ 127.255.255.254 ಎಂಬ ದೋಷಸೂಚನೆ ಕೊಡುತ್ತದೆ. ಪೋಸ್ಟ್‌ಫಿಕ್ಸ್ ಅದನ್ನೇ 'ಪಟ್ಟಿಯಲ್ಲಿದೆ' ಎಂದು ತಿಳಿದು ಒಳ್ಳೆಯ ಮೇಲನ್ನೂ ಹಿಂದಕ್ಕಟ್ಟುತ್ತದೆ. ಅನ್‌ಬೌಂಡ್ ಎಂಬ ಸ್ವಂತ ರಿಸಾಲ್ವರ್ ಹಾಕಿಕೊಂಡರೆ ಈ ಕಾಟ ತಪ್ಪುತ್ತದೆ.

ಮೇಲ್ ಓದಲು ಡವ್‌ಕಾಟ್ ಎಂಬ ಐಮ್ಯಾಪ್ ಸರ್ವರ್, ಪೋರ್ಟ್ 993. ಅದರ 2.3 ಆವೃತ್ತಿಯಿಂದ 2.4ಕ್ಕೆ ಏರುವವರು ಹಳೆಯ ಕಾನ್ಫಿಗ್ ಹಾಗೇ ನಡೆಯುತ್ತದೆಂದು ನಂಬಬಾರದು, ನಡೆಯುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಟಿಎಲ್‌ಎಸ್ ಪ್ರಮಾಣಪತ್ರ ನವೀಕರಣಗೊಂಡರೂ ಡವ್‌ಕಾಟನ್ನು ರೀಲೋಡ್ ಮಾಡದಿದ್ದರೆ ಅದು ಹಳೆಯದನ್ನೇ ತೋರಿಸುತ್ತಿರುತ್ತದೆ. ಸಂಗ್ರಹಕ್ಕೆ ಮೇಲ್‌ಡಿರ್ ಮೇಲು: ಒಂದು ಪತ್ರಕ್ಕೆ ಒಂದು ಫೈಲ್, ಆರ್‌ಸಿಂಕ್‌ನಿಂದ ನಕಲು ಮಾಡಲು ಸುಲಭ. ಎಸ್‌ಡಿ ಕಾರ್ಡ್ ಮೇಲೆ ಇಡಬೇಡಿ, ಎಸ್‌ಎಸ್‌ಡಿ ಹಾಕಿ.

ಡೊಮೇನ್ ಕೊಂಡ ಖಾತೆಗೆ ಅದೇ ಡೊಮೇನಿನ ಇಮೇಲ್ ವಿಳಾಸ ಕೊಡಬೇಡಿ. ನವೀಕರಣ ತಪ್ಪಿ ಡೊಮೇನ್ ನಿಂತುಹೋದ ದಿನ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ಆ ನಿಂತ ವಿಳಾಸಕ್ಕೇ.