ಕನ್ನಂಬಾಡಿ ಹಿನ್ನೀರಿಗೆ ಉಬ್ಬರವಿಳಿತವಿಲ್ಲ

‘ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರದಲ್ಲಿ ಕೆಆರ್‌ಎಸ್ ಬ್ಯಾಕ್‌ವಾಟರ್‌ಗೆ ಸೀ ಬಾಸ್ ಬರುತ್ತದೆ, ಗಾಳ ಹಾಕಿ’ ಎಂಬ ಸಂದೇಶ ಮೈಸೂರು, ಮಂಡ್ಯದ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಗೊಂದಲವೆಲ್ಲ ‘ಬ್ಯಾಕ್‌ವಾಟರ್’ ಎಂಬ ಪದದ್ದು. ಕರಾವಳಿಯಲ್ಲಿ ಅದು ಸಮುದ್ರದ ಉಪ್ಪು ನೀರು ನದಿಯ ಸಿಹಿನೀರಿನೊಂದಿಗೆ ಬೆರೆಯುವ ಜಾಗ. ನೇತ್ರಾವತಿ, ಅಘನಾಶಿನಿಯ ಅಳಿವೆಗಳಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ನಮ್ಮ ಹಿನ್ನೀರು ಅಣೆಕಟ್ಟು ತಡೆದು ನಿಲ್ಲಿಸಿದ ಕಾವೇರಿಯ ಸಿಹಿನೀರು. ಮೀನಾಕ್ಷಿಪುರದ ದಡದಲ್ಲಿ ಒಣಮಣ್ಣಿನ ಮೇಲೆ ಪಟ್ಟೆಪಟ್ಟೆಯಾಗಿ ಕಾಣುವ ಗುರುತುಗಳು ಜಲಾಶಯ ಇಳಿದದ್ದರವು, ಚಂದ್ರನ ಸೆಳೆತದವಲ್ಲ.

ಸೀ ಬಾಸ್ ಸಿಹಿನೀರಿನಲ್ಲಿ ಬದುಕಿ ಬೆಳೆಯಬಲ್ಲದು ಎಂಬುದು ನಿಜ. ಆದರೆ ಮೊಟ್ಟೆಯಿಡಲು ಅದಕ್ಕೆ ಉಪ್ಪುನೀರೇ ಬೇಕು. ಮರಿಗಳು ಅಳಿವೆಯಿಂದ ಮೇಲಕ್ಕೆ ಈಜುತ್ತವೆ. ಬಂಗಾಳ ಕೊಲ್ಲಿಯಿಂದ ಇಲ್ಲಿಗೆ ಬರಬೇಕಾದರೆ ತಮಿಳುನಾಡಿನ ಕಲ್ಲಣೆ, ಮೆಟ್ಟೂರು ಅಣೆಕಟ್ಟುಗಳು, ಆಮೇಲೆ ಶಿವನಸಮುದ್ರದ ಜಲಪಾತ! ಯಾವ ಮರಿಯೂ ದಾಟಲಾರದು.

ಉಬ್ಬರವನ್ನು ನಂಬಿ ರಾತ್ರಿ ನೀರಿಗಿಳಿಯಬೇಡಿ, ಅಲ್ಲಿ ಕೆಸರು ಆಳವಾಗಿದೆ. ಆ ಸಂದೇಶವನ್ನು ದಯವಿಟ್ಟು ಇನ್ನು ಮುಂದಕ್ಕೆ ಕಳುಹಿಸಬೇಡಿ. ನನ್ನಿಂದ ಪಡೆದವರು ಅಳಿಸಿ, ಇದನ್ನು ಹಾಕಿ.