ಭಲೇ ಅನ್ನಬಾರದ ಕಛೇರಿ

ಲಂಡನ್ನಿನ ಟ್ರಫಾಲ್ಗರ್ ಚೌಕದ ಮೂಲೆಯಲ್ಲಿ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್ ಅನ್ನೋ ಚರ್ಚ್ ಇದೆ. 1726ರಲ್ಲಿ ಕಟ್ಟಿ ಮುಗಿಸಿದ್ದು. ಪ್ರಾರ್ಥನೆಗೆ ಹೋಗದವರೂ ಕಛೇರಿಗೆ ಹೋಗುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೂ ಸಂಗೀತ, ಸಂಜೆ ಮೇಣದ ಬತ್ತಿ ಬೆಳಕಲ್ಲೂ ಸಂಗೀತ.

ಊರಿಂದ ಬಂದಿದ್ದ ಮಾವನವರಿಗೆ ವಿಷಯ ಹೇಳಿದ್ದೇ ತಡ, ಮಫ್ಲರ್ ಸುತ್ತಿಕೊಂಡು ರೆಡಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ತೊಡೆ ತಟ್ಟಿ ತಟ್ಟಿ ಪಂಚೆ ಸವೆಸಿದವರು ಅವರು.

ಮೊದಲು ನೆಲಮಾಳಿಗೆಯ ಕೆಫೆಗೆ ಹೋದೆವು. ಅಲ್ಲಿ ನೆಲಕ್ಕೆ ಹಾಸಿರುವುದು ಹಳೆಯ ಗೋರಿಕಲ್ಲುಗಳು! ಮಾವ ಬಗ್ಗಿ ನೋಡಿದರು. "ಏನಪ್ಪಾ, ಸ್ಮಶಾನದಲ್ಲಿ ಕೂರಿಸಿ ಟೀ ಕುಡಿಸ್ತೀಯಾ?" ಆಮೇಲೆ ಅಕ್ಷರವಿಲ್ಲದ ಜಾಗ ಹುಡುಕಿ, ಕುಂಟಾಬಿಲ್ಲೆ ಆಡುವವರ ಹಾಗೆ ಹೆಜ್ಜೆ ಹಾಕುತ್ತಾ ಟ್ರೇ ತಂದರು. ಅರ್ಧ ಟೀ ಟ್ರೇಯಲ್ಲೇ ಇತ್ತು.

ಅವತ್ತು ಇದ್ದದ್ದು ಇಟಲಿಯ ಸಂಗೀತಗಾರ ವಿವಾಲ್ಡಿಯ 'ನಾಲ್ಕು ಋತುಗಳು'. ಒಂದೊಂದು ಋತುವಿಗೆ ಮೂರು ಭಾಗ. ಋತು ಪೂರ್ತಿ ಮುಗಿಯೋವರೆಗೆ ಚಪ್ಪಾಳೆ ತಟ್ಟೋ ಹಾಗಿಲ್ಲ. ಇದನ್ನು ರೈಲಿನಲ್ಲೇ ಹೇಳಿದ್ದೆ. "ಗೊತ್ತಾಯ್ತು ಬಿಡು" ಅಂದಿದ್ದರು.

ವಸಂತದ ಮೊದಲ ಭಾಗದಲ್ಲಿ ಪಿಟೀಲುಗಳು ಹಕ್ಕಿಗಳಾದವು. ಮಾವನ ತಲೆ ತೂಗತೊಡಗಿತು, ಕೈ ತೊಡೆಗೆ ಹೋಯಿತು. ಭಾಗ ಮುಗಿದು ಚರ್ಚಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆಗಲೇ ಬಂತು: "ಭಲೇ!"

ಮುಂದಿನ ಬೆಂಚುಗಳ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಒಬ್ಬ ಅಜ್ಜಿ ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ನಾನಂತೂ ಅರ್ಧ ಅಡಿ ಕುಗ್ಗಿದೆ. ಮಾವ ಜಗ್ಗಲಿಲ್ಲ. "ಚೆನ್ನಾಗಿತ್ತಲ್ಲಯ್ಯಾ, ಹೇಳಬಾರದಾ?"

ಎರಡನೇ ಭಾಗ ಶುರುವಾಯಿತು. ಕುರುಬ ಮರದಡಿ ಮಲಗಿದ್ದಾನೆ, ಪಕ್ಕದಲ್ಲಿ ಅವನ ನಾಯಿ. ಪಿಟೀಲಿನ ದೊಡ್ಡಣ್ಣನಂಥ ವಾದ್ಯ ವಯೋಲಾ ಆ ನಾಯಿಯಾಗಿ ಬೊಗಳುತ್ತದೆ, ವಿವಾಲ್ಡಿಯೇ ಸ್ವರಲಿಪಿಯಲ್ಲಿ ಹಾಗಂತ ಬರೆದಿಟ್ಟಿದ್ದಾನೆ. ಸುಮ್ನಿರಲಾರದೆ ಇದನ್ನು ಮಾವನ ಕಿವಿಯಲ್ಲಿ ಹೇಳಿದೆ.

"ನಾಯಿ ಬೊಗಳಬಹುದು, ನಾನು ಭಲೇ ಅನ್ನಬಾರದು, ಅಲ್ವಾ?"

ಕೆಮ್ಮಲೂಬಹುದು ಅಂತ ಆಮೇಲೆ ಗೊತ್ತಾಯಿತು. ಒಂದೊಂದು ಭಾಗ ಮುಗಿದಾಗಲೂ, ಅಷ್ಟು ಹೊತ್ತು ತಡೆದಿಟ್ಟುಕೊಂಡ ಕೆಮ್ಮನ್ನು ಜನ ಒಟ್ಟಿಗೇ ಹೊರಗೆ ಬಿಡುತ್ತಿದ್ದರು. ಅದನ್ನು ಯಾರೂ ತಿರುಗಿ ನೋಡಲಿಲ್ಲ. ಮಾವನೂ ಚಾನ್ಸ್ ಬಿಡಲಿಲ್ಲ. ಬೇಸಿಗೆಯಿಂದಾಚೆ ಮೆಚ್ಚುಗೆಯನ್ನೆಲ್ಲ ಕೆಮ್ಮಿನಲ್ಲೇ ತಿಳಿಸಿದರು.

ಚಳಿಗಾಲ ಬರುವ ಹೊತ್ತಿಗೆ ಮಾವ ಬೆರಳ ಗೆಣ್ಣಿನ ಮೇಲೆ ಭಾಗಗಳ ಲೆಕ್ಕ ಇಟ್ಟು ಪಕ್ಕಾ ಆಗಿಬಿಟ್ಟಿದ್ದರು. ಹತ್ತನೇ ಭಾಗ ಮುಗಿಯಿತು. ಹಿಂದಿನ ಸಾಲಲ್ಲಿದ್ದ ಪ್ರವಾಸಿ ಜೋಡಿಯೊಂದು ಖುಷಿಯಾಗಿ ಚಪ್ಪಾಳೆ ತಟ್ಟಿತು. ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿ, ನಿಧಾನಕ್ಕೆ ಹಿಂದೆ ತಿರುಗಿದರು.

"ಛೇ, ಕಛೇರಿ ಕೇಳೋ ಶಿಸ್ತೇ ಇಲ್ಲ ಜನಕ್ಕೆ" ಅಂದರು, ಇಡೀ ಚರ್ಚಿಗೆ ಕೇಳುವ ಹಾಗೆ.